ದಸ್ತರ್‌ಖಾನಿನ ಋಣ

ಪ್ರತಿವರ್ಷ ಅಕ್ಟೋಬರ್ 17ರ ರಾತ್ರಿ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಒಂದು ಔತಣ ನಡೆಯುತ್ತದೆ. ಅಂದು ಸಂಸ್ಥಾಪಕ ಸರ್ ಸಯ್ಯದ್ ಅಹ್ಮದ್ ಖಾನರ (1817-1898) ಜನ್ಮದಿನ. ಕಪ್ಪು ಶೇರ್ವಾನಿ ತೊಟ್ಟ ವಿದ್ಯಾರ್ಥಿಗಳು ಡೈನಿಂಗ್ ಹಾಲುಗಳಲ್ಲಿ ಸಾಲಾಗಿ ಕೂರುತ್ತಾರೆ. ಅದೇ ದಿನ, ಇಲ್ಲವೇ ಅದರ ಆಸುಪಾಸಿನಲ್ಲಿ, ದಿಲ್ಲಿ, ಬೆಂಗಳೂರು, ದುಬೈ, ರಿಯಾದ್, ಕರಾಚಿ, ಲಂಡನ್ ಮುಂತಾದ ನಗರಗಳಲ್ಲಿ ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ. ಭಾಷಣಗಳಾಗುತ್ತವೆ, ವಿಶ್ವವಿದ್ಯಾಲಯದ ತರಾನಾ ಹಾಡುತ್ತಾರೆ, ಜೊತೆಯಾಗಿ ಉಣ್ಣುತ್ತಾರೆ. ಇದನ್ನು 'ಸರ್ ಸಯ್ಯದ್ ಡೇ ಡಿನ್ನರ್' ಎಂದೇ ಕರೆಯುವುದು ರೂಢಿ.

ಓದು ಮುಗಿಸಿ ದಶಕಗಳು ಕಳೆದ ಮೇಲೆ ಇಂಥ ಊಟಕ್ಕೆ ಹೋಗುವ ನಮ್ಮಂಥವರ ಅನುಭವ ಹೆಚ್ಚು ಕಡಿಮೆ ಒಂದೇ ತೆರನಾದುದು. ಕೂದಲು ನರೆತಿದೆ, ಕೆಲವರ ಕೈಗೆ ಊರುಗೋಲು ಬಂದಿದೆ. ಆದರೆ ಯಾರೂ ಮೊದಲಿಗೆ ಉದ್ಯೋಗ ಕೇಳುವುದಿಲ್ಲ. 'ಯಾವ ಹಾಲ್? ಯಾವ ರೂಮು?' ಎಂದು ಕೇಳುತ್ತಾರೆ. ಒಂದೇ ವರ್ಷ ಮುಂದಿದ್ದವರೂ ನಮಗೆ ಇಂದಿಗೂ 'ಭಾಯಿ'. ಅಲ್ಲಿನ ಚಹದಂಗಡಿಯಲ್ಲಿ ಸೀನಿಯರ್ ಜೊತೆಗಿದ್ದರೆ ಜೂನಿಯರ್ ಜೇಬಿಗೆ ಕೈ ಹಾಕುವಂತಿರಲಿಲ್ಲ. ಆ ಹಳೆಯ ನಿಯಮ ಅರುವತ್ತು ದಾಟಿದವರ ನಡುವೆಯೂ ಮರಳಿ ಜಾರಿಗೆ ಬರುತ್ತದೆ. ನಂತರ ಮಾತು ಹಾಸ್ಟೆಲಿನ ತೆಳು ಬೇಳೆಸಾರಿಗೆ, ಬಡಿಸುತ್ತಿದ್ದ ನೌಕರರ ಹೆಸರಿಗೆ, ನಮ್ಮ ನಡುವೆ ಈಗ ಇಲ್ಲದವರ ನೆನಪಿಗೆ ಹೊರಳುತ್ತದೆ.

ಇದೆಲ್ಲ ಸಹಜವೇ. ಆದರೆ ಒಂದು ವಿದ್ಯಾಸಂಸ್ಥೆ ತನ್ನ ಸಂಸ್ಥಾಪಕನನ್ನು ನೆನೆಯಲು ಊಟವನ್ನೇ ಏಕೆ ಆರಿಸಿಕೊಂಡಿತು ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ಆ ಪ್ರಶ್ನೆಯ ಬೆನ್ನು ಹತ್ತಿದರೆ ಅಲಿಗಢದ ಚರಿತ್ರೆಯ ಒಂದು ಮುಖ್ಯ ಎಳೆ ಕೈಗೆ ಸಿಗುತ್ತದೆ. ಯಾರು ಯಾರ ಜೊತೆ ಕುಳಿತು ಉಣ್ಣಬಹುದು ಎಂಬ ವಿವಾದದ ನಡುವೆಯೇ ಈ ಕಾಲೇಜು ಹುಟ್ಟಿತು.

ವಿವಾದದಿಂದ ಆರಂಭ

1857ರ ದಂಗೆಯ ನಂತರದ ಕಾಲ. ಆಂಗ್ಲರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದು ಧರ್ಮಬಾಹಿರವೆಂದು ಉತ್ತರ ಭಾರತದ ಹಲವು ಮುಸ್ಲಿಮರು ಭಾವಿಸಿದ್ದರು. ಹಾಗೆ ಉಂಡವನು ಕ್ರೈಸ್ತನಾದನೆಂಬ ಗುಲ್ಲು ಹಬ್ಬುತ್ತಿತ್ತು. ಸರ್ ಸಯ್ಯದ್ ಈ ವಿಷಯವನ್ನು ಎತ್ತಿಕೊಂಡು 1868ರಲ್ಲಿ ಒಂದು ಕಿರುಗ್ರಂಥವನ್ನೇ ಬರೆದರು. ಅದರ ಹೆಸರು 'ಅಹ್ಕಾಮೆ ತಆಮೆ ಅಹ್ಲೆ ಕಿತಾಬ್'. ಗ್ರಂಥದವರ, ಅಂದರೆ ಯಹೂದಿ ಮತ್ತು ಕ್ರೈಸ್ತರ, ಆಹಾರದ ಕುರಿತ ವಿಧಿಗಳು ಎಂದು ಅದರ ಅರ್ಥ. ಗ್ರಂಥದವರ ಆಹಾರ ಮುಸ್ಲಿಮರಿಗೆ ಸಮ್ಮತವೆಂದು ಕುರ್‌ಆನಿನ 5ನೇ ಅಧ್ಯಾಯ ಹೇಳುತ್ತದೆ. ಆ ಅಧ್ಯಾಯದ ಹೆಸರೇ 'ಅಲ್ ಮಾಇದ', ಎಂದರೆ ಉಣಬಡಿಸಿದ ಹಾಸು. ನಿಷಿದ್ಧ ಪದಾರ್ಥಗಳಿಲ್ಲದಿದ್ದರೆ ಜೊತೆಯಲ್ಲಿ ಕೂತು ಉಣ್ಣುವುದಕ್ಕೆ ಅಡ್ಡಿಯಿಲ್ಲ ಎಂಬುದು ಸರ್ ಸಯ್ಯದರ ವಾದವಾಗಿತ್ತು.

ಈ ಪುಸ್ತಕಕ್ಕೆ ಸಿಕ್ಕಿದ ಪ್ರತಿಫಲ ಟೀಕೆ. ಮುಂದೆ ಕಾಲೇಜಿಗೆ ಚಂದಾ ಎತ್ತಲು ಹೊರಟಾಗಲೂ ಅವರ ವಿರುದ್ಧ ಫತ್ವಾಗಳು ಬಂದವು. ಪಂಕ್ತಿಭೇದವನ್ನು ಬಲ್ಲ ನಮ್ಮ ನಾಡಿನವರಿಗೆ ಈ ಜಗಳ ಅಪರಿಚಿತವಲ್ಲ. ಜೊತೆಯಲ್ಲಿ ಉಣ್ಣಲಾಗದವರು ಜೊತೆಯಲ್ಲಿ ಓದುವುದು, ಆಡುವುದು, ಆಲೋಚಿಸುವುದು ಕಷ್ಟ ಎಂಬುದನ್ನು ಸರ್ ಸಯ್ಯದ್ ಕಾಲೇಜಿನ ನೀಲನಕ್ಷೆಗೆ ಮುಂಚೆಯೇ ಮನಗಂಡಿದ್ದರು.

ಕೇಂಬ್ರಿಜ್ಜಿನ ಮಾದರಿ

1869ರಲ್ಲಿ ಸರ್ ಸಯ್ಯದ್ ತಮ್ಮ ಪುತ್ರರಾದ ಸಯ್ಯದ್ ಹಾಮಿದ್ ಮತ್ತು ಸಯ್ಯದ್ ಮಹ್ಮೂದರೊಂದಿಗೆ ಇಂಗ್ಲೆಂಡಿಗೆ ತೆರಳಿದರು. ಮಹ್ಮೂದರಿಗೆ ಸರಕಾರದ ವಿದ್ಯಾರ್ಥಿವೇತನ ದೊರೆತಿತ್ತು. ಅವರು ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜು ಸೇರಿದರು. ಮಿಲ್ಟನ್ ಕವಿಯೂ ಚಾರ್ಲ್ಸ್ ಡಾರ್ವಿನ್ನನೂ ಓದಿದ್ದ ಕಾಲೇಜದು. ತಂದೆ 1870ರಲ್ಲಿ ಮರಳಿ ಬರುವ ಮೊದಲು ಕೇಂಬ್ರಿಜ್ಜನ್ನು ಕಣ್ಣಾರೆ ಕಂಡರು.

ಅಲ್ಲಿನ ಕಾಲೇಜು ಎಂದರೆ ಬರೀ ಪಾಠದ ಕೋಣೆಯಲ್ಲ. ಒಂದು ಅಂಗಳ, ಸುತ್ತ ವಾಸದ ಕೋಣೆಗಳು, ಒಂದು ಪ್ರಾರ್ಥನಾ ಮಂದಿರ, ಒಂದು ದೊಡ್ಡ ಊಟದ ಮನೆ. ಅಧ್ಯಾಪಕರು ಎತ್ತರದ ಜಗಲಿಯ ಮೇಲಿನ ಮೇಜಿನಲ್ಲಿ, ವಿದ್ಯಾರ್ಥಿಗಳು ಕೆಳಗಿನ ಉದ್ದನೆಯ ಮೇಜುಗಳಲ್ಲಿ, ಎಲ್ಲರೂ ಒಂದೇ ಸೂರಿನ ಕೆಳಗೆ ಉಣ್ಣುತ್ತಾರೆ. ಊಟಕ್ಕೆ ಮುನ್ನ ಲ್ಯಾಟಿನ್ ಭಾಷೆಯಲ್ಲಿ ಪ್ರಾರ್ಥನೆ. ಹಳೆಯ ವಿದ್ಯಾರ್ಥಿಗಳು ವರ್ಷಗಳ ನಂತರ ಅದೇ ಊಟದ ಮನೆಗೆ ಮರಳುವ ಸಂಪ್ರದಾಯ ಈ ಎರಡು ಹಳೆಯ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದೆ. ಆಕ್ಸ್‌ಫರ್ಡಿನಲ್ಲಿ ಇದಕ್ಕೆ 'ಗಾಡಿ' ಎಂಬ ಹೆಸರುಂಟು. ನಮ್ಮ ಎತ್ತಿನ ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಸಂತೋಷ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಆದರೆ ಆ ಮೇಜು ಎಲ್ಲರದಾಗಿರಲಿಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರು ಅಲ್ಲಿ ಅಧ್ಯಾಪಕ ಪದವಿಗೇರಲು ಇದ್ದ ತಡೆ ಬಹುಮಟ್ಟಿಗೆ ನಿವಾರಣೆಯಾದದ್ದು 1871ರ ಕಾನೂನಿನಿಂದ. ಆಗ ಮಹ್ಮೂದ್ ಇಂಗ್ಲೆಂಡಿನಲ್ಲೇ ಇದ್ದರು. ಹೆಣ್ಣುಮಕ್ಕಳಿಗಾಗಿ ಗರ್ಟನ್ ಕಾಲೇಜು ಆರಂಭವಾದದ್ದು 1869ರಲ್ಲಿ, ಸರ್ ಸಯ್ಯದ್ ಹಡಗು ಹತ್ತಿದ ವರ್ಷವೇ. ಆದರೂ ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಡಲು 1948ರ ತನಕ ಕಾಯಿತು. ಪಶ್ಚಿಮದ ವಿದ್ಯಾಲಯಗಳು ಹುಟ್ಟುವಾಗಲೇ ಉದಾರವಾಗಿದ್ದವು ಎಂಬ ನಂಬಿಕೆ ನಮ್ಮಲ್ಲಿದೆ. ವಾಸ್ತವ ಹಾಗಿರಲಿಲ್ಲ. ಅಲ್ಲಿಯೂ ಊಟದ ಮನೆಯ ಬಾಗಿಲು ತಳ್ಳಿದಷ್ಟೇ ತೆರೆಯಿತು.

1873ರಲ್ಲಿ ಸಯ್ಯದ್ ಮಹ್ಮೂದ್ ಭಾರತದ ಮುಸ್ಲಿಮರಿಗಾಗಿ ಕೇಂಬ್ರಿಜ್ ಮಾದರಿಯ ವಸತಿ ಕಾಲೇಜಿನ ಯೋಜನೆ ಮಂಡಿಸಿದರು. 1875ರ ಮೇ 24ರಂದು ಅಲಿಗಢದಲ್ಲಿ ಮದ್ರಸತುಲ್ ಉಲೂಮ್ ಆರಂಭವಾಯಿತು. 1877ರ ಜನವರಿ 8ರಂದು ವೈಸ್‌ರಾಯ್ ಲಾರ್ಡ್ ಲಿಟ್ಟನ್ ಮುಹಮ್ಮದನ್ ಆಂಗ್ಲೋ ಓರಿಯೆಂಟಲ್ ಕಾಲೇಜಿಗೆ ಅಡಿಗಲ್ಲಿಟ್ಟನು. ಕೇಂಬ್ರಿಜ್ಜಿನ ಪ್ರಾರ್ಥನಾ ಮಂದಿರದ ಜಾಗಕ್ಕೆ ಮಸೀದಿ ಬಂತು. ಅಂಗಳ, ವಾಸದ ಕೋಣೆ, ಊಟದ ಮನೆ ಹಾಗೆಯೇ ಉಳಿದವು.

ಮೊದಲ ಪಂಕ್ತಿಯಲ್ಲಿದ್ದವರು

ಈ ಊಟದ ಮನೆಯಲ್ಲಿ ಯಾರಿದ್ದರು? ಸುನ್ನಿ ಮತ್ತು ಶಿಯಾ ವಿದ್ಯಾರ್ಥಿಗಳು ಒಂದೇ ಕಾಲೇಜಿನಲ್ಲಿ ಬದುಕಬೇಕೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಧರ್ಮಶಾಸ್ತ್ರದ ಪಾಠ ಬೇರೆ ಬೇರೆಯಾಗಿತ್ತು, ಬದುಕು ಒಂದೇ ಆಗಿತ್ತು. ಹಿಂದೂ ವಿದ್ಯಾರ್ಥಿಗಳಿಗೂ ಪ್ರವೇಶವಿತ್ತು. ಕಾಲೇಜಿನ ಪ್ರಥಮ ಪದವೀಧರ ಈಶ್ವರಿ ಪ್ರಸಾದ್ ಎಂಬುದು ಇಂದು ಹಲವರಿಗೆ ಅಚ್ಚರಿ ತರಬಹುದು. ಹಿಂದೂ ವಿದ್ಯಾರ್ಥಿಗಳ ವಾಸ ಹಾಗೂ ಅಡುಗೆಗೆ ಬೇರೆ ಏರ್ಪಾಡಿತ್ತು. ಅಂದಿನ ಜಾತಿಪದ್ಧತಿಯಲ್ಲಿ ಅದು ಅನಿವಾರ್ಯವೂ ಆಗಿತ್ತು. ಬಕ್ರೀದ್ ಸಂದರ್ಭದಲ್ಲಿ ಕೆಲವು ವಿದ್ಯಾರ್ಥಿಗಳು ಬಲಿಗೆಂದು ಹಸು ಕೊಂಡಿರುವ ಸುದ್ದಿ ತಿಳಿದಾಗ ಸರ್ ಸಯ್ಯದ್ ತಾವೇ ಮಧ್ಯೆ ಪ್ರವೇಶಿಸಿ ತಡೆದರು. ಜೊತೆಗಿರುವವರ ಮನ ನೋಯಬಾರದೆಂಬುದು ಅವರ ನಿಲುವಾಗಿತ್ತು.

ಯಾರಿರಲಿಲ್ಲ ಎಂಬುದನ್ನೂ ಹೇಳಬೇಕು. ಸರ್ ಸಯ್ಯದರ ಕಣ್ಣಮುಂದಿದ್ದುದು 'ಶರೀಫ್' ಎನಿಸಿಕೊಂಡ ಮನೆತನಗಳ ಮಕ್ಕಳು. ಅಧಿಕಾರ ಕಳೆದುಕೊಂಡ ಜಮೀನ್ದಾರರು, ಸರಕಾರಿ ನೌಕರರು, ವಿದ್ವಾಂಸರ ಕುಟುಂಬಗಳು. ನೇಕಾರರ, ಕಸುಬುದಾರರ ಮಕ್ಕಳು ಆ ಪಂಕ್ತಿಯಲ್ಲಿ ಕಾಣುವುದು ಅಪರೂಪ. ಹೆಣ್ಣುಮಕ್ಕಳ ಶಾಲೆಗೆ ಕಾಲ ಇನ್ನೂ ಕೂಡಿಬಂದಿಲ್ಲ, ಗಂಡಸರು ಮೊದಲು ಕಲಿಯಲಿ ಎಂಬ ಅಭಿಪ್ರಾಯವೂ ಅವರದಾಗಿತ್ತು. ದೊಡ್ಡವರನ್ನು ಗೌರವಿಸುವುದೆಂದರೆ ಅವರ ಮಿತಿಯನ್ನು ಮುಚ್ಚಿಡುವುದಲ್ಲ. ಅವರು ಹಾಸಿದ ದಸ್ತರ್‌ಖಾನ್ ಎಷ್ಟು ಉದ್ದವಿತ್ತು ಎಂದು ತಿಳಿದರೆ ತಾನೇ ನಂತರದವರು ಅದನ್ನು ಎಷ್ಟು ಬೆಳೆಸಿದರು ಎಂಬುದು ಗೊತ್ತಾಗುವುದು?

ಆದಾಯದ ನೂರರಲ್ಲೊಂದು ಪಾಲು

ಹಳೆಯ ವಿದ್ಯಾರ್ಥಿಗಳ ಸಂಘಟನೆಯ ಬೇರು ಇಲ್ಲಿದೆ. 1890ರಲ್ಲಿ ಸಾಹಿಬ್‌ಜಾದಾ ಆಫ್ತಾಬ್ ಅಹ್ಮದ್ ಖಾನ್ ಎಂಬ ವಿದ್ಯಾರ್ಥಿ ಕೆಲವು ಗೆಳೆಯರೊಂದಿಗೆ 'ಅಂಜುಮನುಲ್ ಫರ್ಝ್' ಎಂಬ ಸಂಘ ಕಟ್ಟಿದರು. ಕರ್ತವ್ಯದ ಸಂಘ ಎಂದರ್ಥ. ಆಂಗ್ಲದಲ್ಲಿ 'ಡ್ಯೂಟಿ ಸೊಸೈಟಿ' ಎಂದು ಪ್ರಸಿದ್ಧವಾಯಿತು. ಬಡ ವಿದ್ಯಾರ್ಥಿಗಳ ಖರ್ಚಿಗೆ ಹಣ ಸಂಗ್ರಹಿಸುವುದು ಅದರ ಕೆಲಸ. ರಜೆ ಬಂತೆಂದರೆ ಸದಸ್ಯರು ಗುಂಪು ಕಟ್ಟಿಕೊಂಡು ಊರೂರು ಸುತ್ತಿ, ಮನೆಬಾಗಿಲಿಗೆ ಹೋಗಿ ಚಂದಾ ಕೇಳುತ್ತಿದ್ದರು. ಉಳ್ಳವರ ಮಕ್ಕಳು ಇಲ್ಲದವರಿಗಾಗಿ ಕೈಯೊಡ್ಡುವುದನ್ನು ಕಲಿತದ್ದು ಹೀಗೆ. ಈ ಸಂಘ ಇಂದಿಗೂ ಜೀವಂತವಾಗಿದೆ. ಆಫ್ತಾಬ್ ಅಹ್ಮದ್ ಖಾನ್ ಕೇಂಬ್ರಿಜ್ಜಿಗೆ ಹೋಗಿ ಓದಿ ಬಂದು, ಮುಂದೆ ಇದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಅಲ್ಲಿನ ಆಫ್ತಾಬ್ ಹಾಲ್ ಅವರ ಹೆಸರಿನದು.

ಕಾಲೇಜು ಬಿಟ್ಟು ಹೋದವರನ್ನು ಒಗ್ಗೂಡಿಸುವ ಪ್ರಯತ್ನವೂ ಅದೇ ದಶಕದಲ್ಲಿ ನಡೆಯಿತು. ಹಳೆಯ ವಿದ್ಯಾರ್ಥಿ ತನ್ನ ಆದಾಯದ ಶೇಕಡಾ 1ನ್ನು ಕಾಲೇಜಿಗೆ ಕೊಡಬೇಕೆಂಬ ನಿಯಮವಿತ್ತು. ಸಂಬಳ ಹೆಚ್ಚಿದಂತೆ ಋಣವೂ ಹೆಚ್ಚುವ ಲೆಕ್ಕವದು. ಅಂದರೆ ಹಳೆಯ ವಿದ್ಯಾರ್ಥಿಗಳ ಕೂಟ ಹುಟ್ಟಿದ್ದು ಕೇವಲ ನೆನಪುಗಳನ್ನು ಮೆಲುಕು ಹಾಕಲಿಕ್ಕಲ್ಲ. ತಾವು ಉಂಡ ಹಾಸ್ಟೆಲಿನಲ್ಲಿ ಮುಂದಿನವರಿಗೂ ಅನ್ನ ಬೇಯಲಿ ಎಂಬ ಕಾಳಜಿ ಅದರ ತಳಹದಿ. ವಾರಾನ್ನ ಉಂಡು ಓದಿದವರ, ಮಠಗಳ ಪ್ರಸಾದ ನಿಲಯಗಳಲ್ಲಿ ಬೆಳೆದವರ ಕತೆಗಳನ್ನು ಕೇಳಿರುವ ಕನ್ನಡಿಗರಿಗೆ ಈ ಋಣದ ಭಾರ ವಿವರಿಸಬೇಕಾಗಿಲ್ಲ.

ಕರೆಯಲು ಬಂದ ಹಳಬರು

ಹಳೆಯ ವಿದ್ಯಾರ್ಥಿಗಳು ಮರಳಿ ಬಂದಾಗಲೆಲ್ಲ ಹೊಗಳಲೇ ಬಂದರು ಎಂದು ತಿಳಿಯಬೇಕಾಗಿಲ್ಲ. ಅಲಿಗಢದ ಅತ್ಯಂತ ಬಿಸಿಯಾದ ಪುನರ್ಮಿಲನ ನಡೆದದ್ದು 1920ರ ಅಕ್ಟೋಬರಿನಲ್ಲಿ. ಶೌಕತ್ ಅಲಿ ಮತ್ತು ಮುಹಮ್ಮದ್ ಅಲಿ ಸೋದರರಿಬ್ಬರೂ ಅಲ್ಲಿಯ ಹಳೆಯ ವಿದ್ಯಾರ್ಥಿಗಳು. ಶೌಕತ್ ಅಲಿ ಕಾಲೇಜಿನ ಕ್ರಿಕೆಟ್ ತಂಡದ ನಾಯಕರಾಗಿದ್ದವರು. ಮುಹಮ್ಮದ್ ಅಲಿ ಅಲ್ಲಿಂದ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿಗೆ ಹೋದವರು. 1920ರ ಆಗಸ್ಟಿನಲ್ಲಿ ಶೌಕತ್ ಅಲಿ ಗಾಂಧೀಜಿಯವರೊಂದಿಗೆ ಮಂಗಳೂರಿಗೂ ಬಂದು ಖಿಲಾಫತ್ ಮತ್ತು ಅಸಹಕಾರದ ಸಂದೇಶ ಸಾರಿದ್ದರು. ಎರಡು ತಿಂಗಳ ನಂತರ ಅಣ್ಣತಮ್ಮಂದಿರು ಗಾಂಧೀಜಿಯವರೊಡನೆ ತಾವು ಓದಿದ ಅಂಗಳಕ್ಕೇ ಕಾಲಿಟ್ಟರು. ಸರಕಾರದ ಅನುದಾನವನ್ನು ನಿರಾಕರಿಸಿ, ಇಲ್ಲವಾದರೆ ಕಾಲೇಜನ್ನು ಬಿಟ್ಟು ಬನ್ನಿ ಎಂಬುದು ಅವರ ಕರೆಯಾಗಿತ್ತು.

ಟ್ರಸ್ಟಿಗಳು ಒಪ್ಪಲಿಲ್ಲ. ಸಂಸ್ಥೆಗೆ ವಿಶ್ವವಿದ್ಯಾಲಯದ ಮಾನ್ಯತೆ ನೀಡುವ ಕಾಯಿದೆ ಆಗತಾನೇ ಅಂಗೀಕಾರವಾಗಿತ್ತು. ದಶಕಗಳ ಕನಸು ಕೈಗೆಟಕಿದಾಗ ಅದನ್ನು ಬಿಡುವುದು ಹೇಗೆ ಎಂಬ ಅವರ ಪ್ರಶ್ನೆಯಲ್ಲೂ ಹುರುಳಿತ್ತು. ಅಕ್ಟೋಬರ್ 29ರಂದು, ಮಾಲ್ಟಾದ ಸೆರೆವಾಸದಿಂದ ಬಿಡುಗಡೆ ಹೊಂದಿ ಬಂದಿದ್ದ ಮೌಲಾನಾ ಮಹ್ಮೂದ್ ಹಸನ್ ಅವರು ಕಾಲೇಜಿನ ಮಸೀದಿಯಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾಕ್ಕೆ ಚಾಲನೆಯಿತ್ತರು. ಡೇರೆಗಳಲ್ಲಿ ಆರಂಭವಾದ ಅದು 1925ರಲ್ಲಿ ದಿಲ್ಲಿಗೆ ಸ್ಥಳಾಂತರಗೊಂಡಿತು. ಅಂದು ಅಲಿಗಢ ಬಿಟ್ಟು ಹೊರಟವರಲ್ಲಿ ಝಾಕಿರ್ ಹುಸೇನ್ ಒಬ್ಬರು. ಎರಡು ದಶಕಗಳಿಗೂ ಹೆಚ್ಚು ಕಾಲ ಜಾಮಿಯಾವನ್ನು ಬಡತನದಲ್ಲೇ ಬೆಳೆಸಿದ ಅವರು, ದೇಶ ವಿಭಜನೆಯ ನಂತರ 1948ರಲ್ಲಿ ಅಲಿಗಢಕ್ಕೆ ಕುಲಪತಿಯಾಗಿ ಮರಳಿದರು. ಬಿಟ್ಟು ಹೋದವರೇ ಬಂದು ಸಂಸ್ಥೆಯನ್ನು ಎತ್ತಿ ಹಿಡಿದರು. 1967ರಲ್ಲಿ ಅವರು ರಾಷ್ಟ್ರಪತಿಯಾದರು.

ಗಡಿಯ ಎರಡು ಬದಿ

1947 ಈ ದಸ್ತರ್‌ಖಾನನ್ನು ನಡುವೆ ಹರಿಯಿತು. ಪಾಕಿಸ್ತಾನದ ಪ್ರಥಮ ಪ್ರಧಾನಿ ಲಿಯಾಕತ್ ಅಲಿ ಖಾನ್ ಅಲಿಗಢದ ಹಳೆಯ ವಿದ್ಯಾರ್ಥಿ. ಗಡಿನಾಡ ಗಾಂಧಿ ಎಂದು ಹೆಸರಾಗಿ, ವಿಭಜನೆಯನ್ನು ಕೊನೆಯವರೆಗೆ ವಿರೋಧಿಸಿದ ಖಾನ್ ಅಬ್ದುಲ್ ಗಫಾರ್ ಖಾನ್ ಕೂಡಾ ಕೆಲಕಾಲ ಅಲ್ಲಿ ಓದಿದವರು. ಒಂದೇ ಹಾಸ್ಟೆಲಿನಲ್ಲಿ ಉಂಡವರು ಎರಡು ದೇಶಗಳ ಪ್ರಜೆಗಳಾದರು. ಹಾಗಿದ್ದೂ ಅಕ್ಟೋಬರ್ 17ರ ಊಟವನ್ನು ಎರಡೂ ಕಡೆಯವರು ಬಿಡಲಿಲ್ಲ. ಕರಾಚಿಯ ಹಳೆಯ ವಿದ್ಯಾರ್ಥಿಗಳ ಸಂಘವು 1990ರ ದಶಕದಲ್ಲಿ ಸರ್ ಸಯ್ಯದರ ಹೆಸರಿನಲ್ಲೇ ಒಂದು ಇಂಜಿನಿಯರಿಂಗ್ ವಿಶ್ವವಿದ್ಯಾಲಯ ಕಟ್ಟಿತು. ಭಾರತದಲ್ಲಿ ಉಳಿದವರು ಮಾತ್ರ ವಿಭಜನೆಯ ಹೊಣೆಯನ್ನು ತಾವೇ ಹೊತ್ತವರಂತೆ ಉತ್ತರ ಕೊಡುತ್ತಾ ಬಂದಿದ್ದಾರೆ. ಇದು ಆ ವಿಶ್ವವಿದ್ಯಾಲಯಕ್ಕೆ ಆಗಿರುವ ಅನ್ಯಾಯ.

ಈ ಚರಿತ್ರೆಯನ್ನು ಒಂದೇ ಬಣ್ಣದಲ್ಲಿ ಬಳಿಯುವವರು ರಾಜಾ ಮಹೇಂದ್ರ ಪ್ರತಾಪರ ಕತೆಯನ್ನು ಓದಬೇಕು. ಹಾಥರಸ್ ಬಳಿಯ ಮುರ್ಸಾನ್ ರಾಜಮನೆತನದ ಈ ಜಾಟ್ ಯುವಕ ಓದಿದ್ದು ಅಲಿಗಢದ ಇದೇ ಕಾಲೇಜಿನಲ್ಲಿ. 1905ರಲ್ಲಿ ಪದವಿ ಪೂರೈಸದೆ ಹೊರಬಂದರು. ಮೊದಲ ಮಹಾಯುದ್ಧದ ವೇಳೆ ದೇಶ ಬಿಟ್ಟು ಹೋಗಿ 1915ರ ಡಿಸೆಂಬರ್ 1ರಂದು ಕಾಬೂಲಿನಲ್ಲಿ ಸ್ವತಂತ್ರ ಭಾರತದ ಹಂಗಾಮಿ ಸರಕಾರ ಘೋಷಿಸಿದರು. ಅವರು ಅಧ್ಯಕ್ಷರು, ಮೌಲವಿ ಬರ್ಕತುಲ್ಲಾ ಪ್ರಧಾನಮಂತ್ರಿ. ಮೂರು ದಶಕಗಳ ದೇಶಭ್ರಷ್ಟ ಬದುಕಿನ ನಂತರ 1946ರಲ್ಲಿ ತಾಯ್ನಾಡಿಗೆ ಬಂದರು. 1957ರಲ್ಲಿ ಮಥುರಾದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಅಲ್ಲಿ ಸೋತವರಲ್ಲಿ ಅಟಲ್ ಬಿಹಾರಿ ವಾಜಪೇಯಿ ಒಬ್ಬರು.

1977ರಲ್ಲಿ ಕಾಲೇಜಿನ ಶತಮಾನೋತ್ಸವದ ವೇಳೆ ವಿಶ್ವವಿದ್ಯಾಲಯ ಈ ಹಳೆಯ ವಿದ್ಯಾರ್ಥಿಯನ್ನು ಕರೆಸಿ ಗೌರವಿಸಿತು. ಆಗ ಅವರಿಗೆ 90 ದಾಟಿತ್ತು. ಅವರು ಪದವಿ ಇಲ್ಲದೆ ಹೊರಟು 70 ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಆದರೂ ಅವರು ತನ್ನವರೆಂದು ಸಂಸ್ಥೆ ಮರೆತಿರಲಿಲ್ಲ. 1979ರಲ್ಲಿ ಅವರು ತೀರಿಕೊಂಡರು. ಇತ್ತೀಚಿನ ವರ್ಷಗಳಲ್ಲಿ ಅವರ ಹೆಸರನ್ನು ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದ ವಿರುದ್ಧ ಬಳಸುವ ಯತ್ನಗಳು ನಡೆದಾಗ, 1977ರ ಈ ಸನ್ಮಾನವನ್ನು ನೆನಪಿಸುವವರು ತೀರಾ ವಿರಳ.

ಬಾಗಿಲು ತೆರೆದ ಹೆಣ್ಣುಮಕ್ಕಳು

ಹಳೆಯ ವಿದ್ಯಾರ್ಥಿಯ ಋಣಸಂದಾಯಕ್ಕೆ ಇನ್ನೊಂದು ದೊಡ್ಡ ಉದಾಹರಣೆ ಶೇಖ್ ಅಬ್ದುಲ್ಲಾ. ಕಾಶ್ಮೀರದ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ ಇಸ್ಲಾಮನ್ನು ಸ್ವೀಕರಿಸಿದ ಇವರು ಅಲಿಗಢದಲ್ಲಿ ಓದಿ ಅಲ್ಲೇ ವಕೀಲರಾದರು. ಸರ್ ಸಯ್ಯದ್ ಮುಂದೂಡಿದ ಕೆಲಸವನ್ನು ಇವರು ಕೈಗೆತ್ತಿಕೊಂಡರು. 1906ರಲ್ಲಿ ಪತ್ನಿ ವಹೀದ್ ಜಹಾನ್ ಬೇಗಂ ಜೊತೆಗೂಡಿ ಹೆಣ್ಣುಮಕ್ಕಳ ಶಾಲೆ ತೆರೆದರು. ವಿರೋಧ ಎದುರಾದದ್ದು ಹೆಚ್ಚಾಗಿ ಸ್ವಂತ ಸಮುದಾಯದಿಂದಲೇ. 1914ರಲ್ಲಿ ಹಾಸ್ಟೆಲೂ ಆಯಿತು. ಹೆಣ್ಣುಮಕ್ಕಳನ್ನು ಮನೆಯಿಂದ ದೂರ ಕಳುಹಿಸಲು ಹೆತ್ತವರು ಅಂಜುತ್ತಿದ್ದ ಕಾಲದಲ್ಲಿ ವಹೀದ್ ಜಹಾನ್ ಆ ಮಕ್ಕಳಿಗೆ ತಾಯಿಯಾಗಿ ನಿಂತರು. ಅದೇ ಶಾಲೆ ಬೆಳೆದು ಇಂದಿನ ಮಹಿಳಾ ಕಾಲೇಜಾಯಿತು.

1920ರಲ್ಲಿ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಾಗ ಅದರ ಪ್ರಥಮ ಚಾನ್ಸಲರ್ ಆದವರು ಭೋಪಾಲದ ಸುಲ್ತಾನ್ ಜಹಾನ್ ಬೇಗಂ. ಆಕ್ಸ್‌ಫರ್ಡ್ ತನ್ನ ಹೆಣ್ಣುಮಕ್ಕಳಿಗೆ ಪದವಿ ಕೊಡಲಾರಂಭಿಸಿದ್ದು ಅದೇ ವರ್ಷ. ಆದರೆ ಚಾನ್ಸಲರ್ ಪೀಠದಿಂದ ಕುಲಪತಿಯ ಕುರ್ಚಿಯವರೆಗಿನ ದಾರಿ ಅಲಿಗಢದಲ್ಲಿ ಒಂದು ಶತಮಾನ ಹಿಡಿಯಿತು. ಅಲ್ಲಿಯೇ ಓದಿದ ನಯೀಮಾ ಖಾತೂನ್ 2024ರಲ್ಲಿ ಪ್ರಥಮ ಮಹಿಳಾ ಕುಲಪತಿಯಾದರು. ಹಳಬರ ಊಟದಲ್ಲಿ ಇಂದು ನಮ್ಮ ಸಹಪಾಠಿನಿಯರೂ ಕೂರುತ್ತಾರೆ. 'ಓಲ್ಡ್ ಬಾಯ್ಸ್' ಎಂಬ ಹಳೆಯ ಹೆಸರು ಮಾತ್ರ ಇನ್ನೂ ಅಲ್ಲಲ್ಲಿ ಉಳಿದುಕೊಂಡಿದೆ.

ನಮ್ಮ ಪಾಲು

ಅಲಿಗಢದ ಮಾದರಿ ಕರ್ನಾಟಕವನ್ನೂ ಮುಟ್ಟಿತು. ವೃತ್ತಿಯಲ್ಲಿ ವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಿದರು. ಅವರು ಅಲಿಗಢದಲ್ಲಿ ಓದಿದವರಲ್ಲ. ಆದರೆ ಅವರ ಕೆಲಸ ಕಂಡು 'ದಕ್ಷಿಣದ ಸರ್ ಸಯ್ಯದ್' ಎಂದು ಕರೆದವರುಂಟು. ಅಲಿಗಢ ವಿಶ್ವವಿದ್ಯಾಲಯ ಅವರನ್ನು ತನ್ನ ಪ್ರೊ ಚಾನ್ಸಲರ್ ಆಗಿ ಆರಿಸಿಕೊಂಡಿತು. 2021ರಲ್ಲಿ ಅವರು ನಿಧನರಾದರು. ಹಳೆಯ ವಿದ್ಯಾರ್ಥಿಯಲ್ಲದ ಒಬ್ಬರು ಹಳೆಯ ವಿದ್ಯಾರ್ಥಿಗಳಿಗಿಂತ ಮಿಗಿಲಾಗಿ ಆ ಋಣ ತೀರಿಸಿದರು ಎಂದರೆ ತಪ್ಪಾಗಲಾರದು.

ನಮ್ಮ ಊಟಗಳ ಬಗ್ಗೆ ಈಗ ಒಂದು ಮಾತು. ಇಂದು ಹಳೆಯ ವಿದ್ಯಾರ್ಥಿಗಳ ಕೂಟಗಳು ಸ್ಟಾರ್ ಹೋಟೆಲುಗಳಿಗೆ ಸಾಗಿವೆ. ವೇದಿಕೆಯಲ್ಲಿ ಶಾಲು, ಹಾರ, ಸ್ಮರಣಿಕೆಗಳ ವಿನಿಮಯ. ಎಷ್ಟು ದುಬಾರಿ ಊಟ ಎಂಬುದೇ ಕೆಲವೊಮ್ಮೆ ಕೂಟದ ಹಿರಿಮೆಯಾಗುತ್ತದೆ. ಗಳಿಸಿದವರು ಬರುತ್ತಾರೆ. ಬದುಕಿನಲ್ಲಿ ಸೋತ ಗೆಳೆಯ ಟಿಕೆಟಿನ ದರ ನೋಡಿಯೋ ಹಳಬರ ಕಣ್ಣಿಗೆ ಅಂಜಿಯೋ ದೂರ ಉಳಿಯುತ್ತಾನೆ. ಒಂದೇ ಪಾತ್ರೆಯ ಬೇಳೆಸಾರು ಉಂಡವರ ನಡುವೆ ಹೀಗೆ ಹೊಸದೊಂದು ಪಂಕ್ತಿಭೇದ ಹುಟ್ಟಿಕೊಂಡಿರುವುದು ವಿಷಾದನೀಯ. ಇದು ಅಲಿಗಢದವರಿಗಷ್ಟೇ ಅನ್ವಯಿಸುವ ಮಾತಲ್ಲ. ನಮ್ಮ ಯಾವುದೇ ಕಾಲೇಜಿನ ಹಳಬರ ಕೂಟಕ್ಕೂ ಸಲ್ಲುತ್ತದೆ.

ಔತಣ ಬೇಡವೆಂದು ನಾವು ಹೇಳುವುದಿಲ್ಲ. ಜೊತೆಯಲ್ಲಿ ಕೂತು ಉಣ್ಣುವ ಹಕ್ಕಿಗಾಗಿ ಒಬ್ಬ ಹಿರಿಯ ಪುಸ್ತಕ ಬರೆದು ಬೈಗುಳ ತಿಂದ ಪರಂಪರೆ ಇದು. ಆದರೆ ಪ್ರತಿ ಕೂಟದ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ನಮ್ಮ ತಂಡದ ಯಾರು ಈ ಸಾರಿ ಬರಲಿಲ್ಲ, ಏಕೆ? ಈ ವರ್ಷ ನಮ್ಮ ಕಾಲೇಜಿನಲ್ಲಿ ಹಾಸ್ಟೆಲಿನ ಊಟದ ಬಿಲ್ಲು ಕಟ್ಟಲಾಗದೆ ಓದು ಬಿಡುವ ಸ್ಥಿತಿಯಲ್ಲಿರುವ ಹುಡುಗನೋ ಹುಡುಗಿಯೋ ಯಾರು? ಮೊದಲ ಪ್ರಶ್ನೆಗೆ ಒಂದು ಫೋನ್ ಕರೆ ಸಾಕು. ಎರಡನೆಯದಕ್ಕೆ ಅಲಿಗಢದ ಹುಡುಗರು ಶತಮಾನದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ಆದಾಯದ ನೂರರಲ್ಲೊಂದು ಪಾಲು.